ಸುಬ್ಬ ಎಂಬ ಮೀನು

೧೯ ಜನವರಿ ೨೦೦೩

ಸೊಸೈಟಿಯವರು ಕೊಟ್ಟ ಡೈರಿ ಹದಿನೆಂಟು ದಿನ ಕಪಾಟಿನ ಮೇಲೆ ಹಾಗೇ ಬಿದ್ದಿತ್ತು. ಬಾರ್ಕೂರಿನ ಶಾಲೆಯಲ್ಲಿ ಕನ್ನಡಕ್ಕೆ ನೂರಿಪ್ಪತ್ತೈದರಲ್ಲಿ ನೂರಾ ಎರಡು ಅಂಕ ತೆಗೆದ ಗೋಮತಿ ಎಂದು ತವರಿನಲ್ಲಿ ನನಗೆ ಹೆಸರಿತ್ತು. ಮದುವೆಯಾಗಿ ಗಂಗೊಳ್ಳಿಗೆ ಬಂದ ಈ ಒಂಬತ್ತು ವರ್ಷದಲ್ಲಿ ದಿನಸಿ ಚೀಟಿ ಬಿಟ್ಟರೆ ಬೇರೇನೂ ಬರೆದಿಲ್ಲ. ಇವತ್ತು ಬರೆಯಬೇಕು. ನನ್ನ ಬಾಯಿಂದ ಒಂದು ತಪ್ಪಾಗಿದೆ, ಆ ತಪ್ಪು ನೆನೆದರೆ ನಗುವೂ ಬರುತ್ತಿದೆ.

ಇವರ ಬೋಟು ಹತ್ತು ದಿನದ ಮೇಲೆ ಬೆಳಿಗ್ಗೆ ಬಂದರಿಗೆ ಬಂತು. ಹೋಗುವಾಗ ನನ್ನ ಮೇಲೆ ಮುನಿಸಿಕೊಂಡು ಹೋಗಿದ್ದರು. ಕಾರಣ ಕೇಳಿದರೆ ನಾಯಿಯೂ ನಗಬೇಕು: ಬುತ್ತಿಯ ಚಟ್ನಿಗೆ ಹುಳಿ ಕಡಿಮೆಯಾಗಿತ್ತು. ಇವರು ಬಯ್ಯುವ ಜಾತಿಯಲ್ಲ. ಕೆಳದುಟಿ ಮುಂದೆ ಮಾಡಿ, ಕಣ್ಣು ಇಷ್ಟಗಲ ಬಿಟ್ಟು, ಮಾತಾಡದೆ ಕೂತುಬಿಡುತ್ತಾರೆ. ಹಾಗೇ ಕೂತು, ಹಾಗೇ ಎದ್ದು ಹೋಗಿದ್ದರು.

ಈ ಸಲ ಬೋಟು ನೂರು ಮಾರು ಆಳದ ನೀರಿಗೆ ಹೋಗಿತ್ತಂತೆ. ಬಲೆಯಲ್ಲಿ ಯಾರೂ ಕಾಣದ ಮೀನು ರಾಶಿ ಬಂದಿತ್ತು. ಗೇಣುದ್ದ, ಮಾಸಲು ಕೆಂಪು, ಹಸಿರು ಹೊಳೆಯುವ ದೊಡ್ಡ ಕಣ್ಣು. ನಮ್ಮ ಬಂದರಿನಲ್ಲಿ ಹೆಸರಿಲ್ಲದ ಮೀನನ್ನು ಏಲಂ ಕೂಗುವುದಿಲ್ಲ. ಹೊಸ ಮೀನು ಬಂದರೆ ಏಲಂ ಕಟ್ಟೆಯಲ್ಲಿ ಯಾರ ಬಾಯಿಂದ ಮೊದಲು ಹೆಸರು ಬೀಳುತ್ತದೋ ಅದೇ ಹೆಸರು, ಆಮೇಲೆ ತಿದ್ದಲು ಬ್ರಹ್ಮನಿಗೂ ಆಗುವುದಿಲ್ಲ. ಬೈಂದೂರಿಗೆ ಮೀನು ಹೊರುವ ನಾನು ಮತ್ತೆ ಪುಷ್ಪಕ್ಕ ಬುಟ್ಟಿ ಹಿಡಿದು ಎದುರಿಗೇ ನಿಂತಿದ್ದೆವು.

“ಹ್ವಾಯ್, ಇದಕ್ ಎಂತ ಹೆಸ್ರ್? ಹೆಸ್ರಿಲ್ದೆ ಹ್ಯಾಂಗ್ ಕೂಗುದ್ ನಾನ್?” ಎಂದರು ಏಲಂ ಕೂಗುವ ರಾಮಣ್ಣ.

ನನ್ನ ಬಾಯಿ ಸುಮ್ಮನಿದ್ದೀತೇ. “ಹೆಸ್ರ್ ಎಂತಕ್ ಹುಡ್ಕುದ್? ಆ ಕೆಳ್ತುಟಿ ಕಾಣಿ, ಕಣ್ ಕಾಣಿ. ಇದ್ ನಮ್ಮನಿ...” ಎಂದು ಇವರ ಹೆಸರನ್ನೇ ಹೇಳಿಬಿಟ್ಟೆ.

ಕಟ್ಟೆಯೆಲ್ಲ ನನ್ನ ಕಡೆ ತಿರುಗಿತು. ನಮ್ಮಲ್ಲಿ ಗಂಡ ಇರುವಷ್ಟು ದಿನ ಹೆಂಡತಿ ಅವನ ಹೆಸರು ಹೇಳುವಂತಿಲ್ಲ. ಈಗಿನ ಹುಡುಗಿಯರು ಹೇಳುತ್ತಾರೆ, ನಮ್ಮತ್ತೆಯ ಮನೆಯಲ್ಲಿ ಅದು ನಡೆಯುವುದಿಲ್ಲ. ಒಂಬತ್ತು ವರ್ಷ ನಾನು ರೇಷನ್ ಅಂಗಡಿಯಲ್ಲೂ ಹಿಂದೆ ನಿಂತವರಿಂದ ಹೇಳಿಸಿದವಳು. ಆಮೇಲೆ ನಗೆ ಶುರುವಾಯಿತು ನೋಡಿ. “ಬನ್ನಿ, ಬನ್ನಿ, ಸುಬ್ಬ! ಸುಬ್ಬ!” ಎಂದು ರಾಮಣ್ಣ ಕೂಗಿಯೇ ಕೂಗಿದರು. (ಇನ್ನೊಬ್ಬರ ಬಾಯಿಯ ಮಾತು ಬರೆದರೆ ದೋಷವಿಲ್ಲ ಎಂದುಕೊಂಡಿದ್ದೇನೆ.) ಎಲ್ಲರಿಗಿಂತ ಹೆಚ್ಚು ನಕ್ಕವರು ಬೋಟಿನ ಅಂಚಿನಲ್ಲಿ ಹಗ್ಗ ಹಿಡಿದು ನಿಂತಿದ್ದ ಇವರೇ. ಹತ್ತು ದಿನದ ಮುನಿಸು ಅಲ್ಲೇ ಹೋಯಿತು.

೨೧ ಜನವರಿ

ಇವತ್ತು ಮತ್ತೆ ಹೋದರು. ಬುತ್ತಿ ಕಟ್ಟುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ರಾಗ.

“ಒಂಬತ್ ವರ್ಷದ್ ಮೇಲ್ ನನ್ ಹೆಸ್ರ್ ನಿನ್ ಬಾಯಗೆ ಕೇಂಡೆ, ಅದೂ ಮೀನಿಗ್. ಒಂದ್ಸಲ ನಂಗೇ ಹೇಳ್ ಕಾಂಬ.”

“ಎಂತ ಮರಾಯ್ರೆ, ಅತ್ತಿ ಕೇಂಡ್ರೆ ನನ್ ಕೊಲ್ತ್ರ್.”

“ಅಬ್ಬಿ ಹೊರ್ಗಿತ್ತ್.” ಇವರು ತಾಯಿಯನ್ನು ಕರೆಯುವುದು ಅಬ್ಬಿ ಎಂದೇ.

“ಬಂದ್ ಮೇಲ್ ಹೇಳ್ತೆ. ಈಗ ಹೊರಡಿನಿ.”

ಆ ಕೆಳದುಟಿ ಮತ್ತೆ ಮುಂದೆ ಬಂತು, ಈ ಸಲ ಆಟಕ್ಕೆ. ಚಟ್ನಿಗೆ ಹುಳಿ ಜಾಸ್ತಿಯೇ ಹಾಕಿ ಕಳಿಸಿದ್ದೇನೆ.

೧ ಫೆಬ್ರವರಿ

ಇವರ ಬೋಟು ನಡೆಸುವ ತಾಂಡೇಲರು ಗುಡ್ಡಣ್ಣ ಬಂದರು. ಅಂಗಳದಲ್ಲೇ ನಿಂತರು, ಚಪ್ಪಲಿ ಬಿಡಲಿಲ್ಲ. ನಾಲ್ಕು ದಿನದ ಹಿಂದೆ ಬೆಳಿಗ್ಗೆ ಬಲೆ ಎಳೆಯುವಾಗ ಹಗ್ಗ ಹರಿದು ಇವರು ನೀರಿಗೆ ಬಿದ್ದರಂತೆ. ನಾಲ್ಕು ಬೋಟಿನವರು ಮೂರು ದಿನ ಹುಡುಕಿದರಂತೆ. ಸಿಗಲಿಲ್ಲವಂತೆ.

೫ ಫೆಬ್ರವರಿ

ನಾಲ್ಕು ದಿನ ಮಾತಾಡದೆ ಕೂತಿದ್ದ ಅತ್ತೆ ಇವತ್ತು ಮಾತಾಡಿದರು. ಮನೆ ತುಂಬ ಜನ ಇದ್ದಾಗಲೇ.

“ಗಂಡ ಇಪ್ಪೊರಿಗೆ ಹೆಂಡ್ತಿ ಅವ್ನ್ ಹೆಸ್ರ್ ಹೇಳುಕಾಗ. ನೀ ಹೇಳ್ದೆ. ಇಡೀ ಬಂದ್ರ್ ಕೇಂಬಾಂಗ್ ಹೇಳ್ದೆ. ಕಡಲಿಗ್ ಕಿವಿ ಇಲ್ಯಾ?”

ಪುಷ್ಪಕ್ಕ ನನ್ನ ಕೈ ಹಿಡಿದುಕೊಂಡಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅಮ್ಮ ಹೇಳುತ್ತಿದ್ದರು, ನಾನು ಬಾಯಿ ಬಿಟ್ಟದ್ದಕ್ಕೆ ಇವರು ಹೋದರು. ಅತ್ತೆಯ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಅದನ್ನೇ ನಾನು ನಾಲ್ಕು ದಿನದಿಂದ ನನಗೆ ಹೇಳಿಕೊಳ್ಳುತ್ತಿದ್ದೇನೆ.

ಎಂಟು ವರ್ಷದ ಮಗಳು ವಿನಯಾ ಕೇಳಿದಳು, “ಅಪ್ಪಯ್ಯ ಯಾವತ್ ಬಪ್ದ್?” ಇನ್ನೊಂದು ಬೋಟಿನಲ್ಲಿ ಎಂದೆ.

೨೦ ಫೆಬ್ರವರಿ

ಜಾತಿಯ ಮುಖಂಡರಾದ ಗುರಿಕಾರರು ಬಂದಿದ್ದರು. ಹೆಣ ಸಿಗದಿದ್ದರೂ ದರ್ಭೆಯ ಬೊಂಬೆ ಮಾಡಿ ಸುಟ್ಟು ಬೊಜ್ಜ, ಎಂದರೆ ಉತ್ತರಕ್ರಿಯೆ, ಮಾಡಬಹುದು, ಹಿಂದೆಯೂ ಮಾಡಿದ್ದುಂಟು ಎಂದರು. ಅತ್ತೆ ಎದ್ದು ನಿಂತರು.

“ಹೆಣ ಕಾಣ್ದೆ ಬೊಜ್ಜ ಎಂತರದ್? ನನ್ ಮಗ ಬತ್ತ. ನೀವ್ ಚಾ ಕುಡ್ದ್ ಹೋಯ್ನಿ.”

ಈ ಮನೆಗೆ ಬಂದಂದಿನಿಂದ ಅತ್ತೆಯ ಮಾತು ನನಗೆ ಇಷ್ಟು ಹಿತವಾಗಿದ್ದು ಇದೇ ಮೊದಲು. ಕರಿಮಣಿ ಕುತ್ತಿಗೆಯಲ್ಲೇ ಇದೆ, ಕುಂಕುಮವೂ. ಇವರು ಇದ್ದಾರೆ ಎಂದು ಅತ್ತೆ ಅಂದರೆ ಇದ್ದಾರೆ. ಇದ್ದಾರೆ ಎಂದ ಮೇಲೆ ನಾನು ಹೆಸರು ಹೇಳುವಂತಿಲ್ಲ. ಹೇಳಿದರೆ ಇವರು ಇಲ್ಲವೆಂದು ನಾನೇ ಒಪ್ಪಿದ ಹಾಗೆ. ಬಂದ ಮೇಲೆ ಹೇಳುತ್ತೇನೆ ಎಂದಿದ್ದೇನೆ, ಬಂದ ಮೇಲೆಯೇ ಹೇಳುವುದು.

೧೪ ಸೆಪ್ಟೆಂಬರ್

ಮಳೆಗಾಲ ಮುಗಿದು ಬೋಟುಗಳು ಮತ್ತೆ ಇಳಿದಿವೆ. ನಾನೂ ಮತ್ತೆ ಬುಟ್ಟಿ ಎತ್ತಿದ್ದೇನೆ. ಮನೆಯಲ್ಲಿ ಕೂತರೆ ಅತ್ತೆಯ ಮುಖ ನಾನು, ನನ್ನ ಮುಖ ಅತ್ತೆ ನೋಡಬೇಕು.

ಆ ಮೀನು ಬಂತು. ರಾಮಣ್ಣ ನನ್ನನ್ನು ಕಂಡು ದನಿ ತಗ್ಗಿಸಿದರು. ಆದರೆ ಏಲಂ ಎಂದ ಮೇಲೆ ಪಿಸುಗುಟ್ಟಲಾಗುತ್ತದೆಯೇ. “ಸುಬ್ಬ, ಸುಬ್ಬ, ಸುಬ್ಬ!” ಕಿವಿ ಮುಚ್ಚಿಕೊಳ್ಳಲು ಎರಡೂ ಕೈಯಲ್ಲಿ ಬುಟ್ಟಿ. ಎಲ್ಲ ಮುಗಿದ ಮೇಲೆ ಅವರ ಹತ್ತಿರ ಹೋಗಿ, ಬೇರೆ ಏನಾದರೂ ಹೆಸರು ಕೂಗಿ ಎಂದು ಕೈ ಮುಗಿದೆ.

“ನಾನ್ ಬದ್ಲಿ ಮಾಡುಕಾತ್ತಾ ಗೋಮತಿ? ಹೆಸ್ರ್ ಇಟ್ಟದ್ ನೀ. ಈಗ ಅದ್ ಊರಿನದ್ದ್.” ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು.

ಬೈಂದೂರಿನಲ್ಲಿ ಬಂಗುಡೆಯನ್ನು ನಾನು ಕೂಗುತ್ತೇನೆ, ಆ ಮೀನನ್ನು ಪುಷ್ಪಕ್ಕ ಕೂಗುತ್ತಾಳೆ. ಒಬ್ಬ ಹೆಂಗಸು ಬಂದು ನನ್ನನ್ನೇ ಕೇಳಿದಳು, “ಇದೆಂತ ಮೀನ್?” ಆಳದ ಮೀನು ಎಂದೆ. ಪಕ್ಕದಲ್ಲಿ ಪುಷ್ಪಕ್ಕ ಕೂಗುತ್ತಿದ್ದದ್ದು ಅವಳ ಕಿವಿಗೆ ಬಿತ್ತು. “ಓ, ಸುಬ್ಬನಾ? ತಲಿ ಕಡ್ದ್ ಕೊಡ್, ಆ ಕಣ್ ಕಾಂಬುಕಾತ್ತಿಲ್ಲೆ.”

ಕಡಿದುಕೊಟ್ಟೆ. ಆಮೇಲೆ ಬಸ್ ಸ್ಟ್ಯಾಂಡಿನ ಹಿಂದೆ ಹೋಗಿ ಕತ್ತಿಯನ್ನು ಮೂರು ಸಲ ತೊಳೆದೆ. ನಾಳೆಯಿಂದ ಅದನ್ನು ಬುಟ್ಟಿಗೆ ಹಾಕುವುದಿಲ್ಲ. ಮನೆಯೊಳಗಂತೂ ಅತ್ತೆ ಮೊದಲೇ ನಿಷೇಧ ಹಾಕಿಯಾಗಿದೆ.

೨೨ ಜುಲೈ ೨೦೦೫

ಎರಡು ವರ್ಷ ಡೈರಿ ಮುಟ್ಟಿರಲಿಲ್ಲ. ಬರೆಯಲು ಏನಿತ್ತು, ಬೆಳಿಗ್ಗೆ ಬುಟ್ಟಿ, ಸಂಜೆ ಬುಟ್ಟಿ.

ಹೆಸರು ಬುಟ್ಟಿಯಿಂದ ಇಳಿದು ಊರೊಳಗೆ ತಿರುಗುತ್ತಿದೆ. ಮುನಿಸಿಕೊಂಡ ಮಕ್ಕಳಿಗೆಲ್ಲ ಈಗ ಅದೇ ಹೆಸರು. ಮೊನ್ನೆ ತ್ರಾಸಿ ಬಸ್ಸಿನಲ್ಲಿ ಚಿಲ್ಲರೆಗೆ ಜಗಳವಾಡಿ ಮುಖ ಊದಿಸಿ ಕೂತವನಿಗೆ ಕಂಡಕ್ಟರ್, “ಎಂತ ಮರಾಯ, ಸುಬ್ಬನ್ ಮೋರೆ ಹಾಕ್ಕಂಡ್ ಕೂಕಂಡಿದ್ದೆ?” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಯಾರಿಗೂ ಅದು ಒಬ್ಬರ ಮೋರೆ ಎಂದು ಗೊತ್ತಿಲ್ಲ. ಆ ಮೋರೆಯನ್ನು ಹತ್ತಿರದಿಂದ ಕಂಡವಳು ಮೂರನೇ ಸೀಟಿನಲ್ಲಿ ಕೂತಿದ್ದೆ.

ಇವತ್ತು ವಿನಯಾ ಶಾಲೆಯಿಂದ ಬಂದು ಚೀಲ ಎಸೆದಳು. ತರಗತಿಯಲ್ಲಿ ಒಬ್ಬ ಹುಡುಗ ಮುನಿಸಿಕೊಂಡಾಗ ಎಲ್ಲರೂ ಸುಬ್ಬ, ಸುಬ್ಬ ಎಂದು ಚಪ್ಪಾಳೆ ತಟ್ಟಿದರಂತೆ. ಯಾರಾದರೂ ಇವಳನ್ನು ಅಂದರೇನೋ ಎಂದುಕೊಂಡೆ. ಅದಲ್ಲ.

“ನಾನೂ ನಗ್ಯಾಡ್ದೆ ಅಮ್ಮ,” ಎಂದಳು. “ಚಪ್ಪಾಳೆನೂ ತಟ್ಟಿದೆ. ಕಡಿಗ್ ನೆನ್ಪಾಯ್ತ್.”

ಅಳುವಾಗ ಅವಳ ಕೆಳದುಟಿ ಮುಂದೆ ಬಂತು. ನನಗೆ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ. ಅತ್ತೆ ಒಳಗಿನಿಂದ ಬಂದು ಅವಳನ್ನು ಮಡಿಲಿಗೆ ಎಳೆದುಕೊಂಡರು. ನನಗೆ ಒಂದು ಮಾತೂ ಬಯ್ಯಲಿಲ್ಲ.

೯ ಡಿಸೆಂಬರ್ ೨೦೦೭

ಮೀನುಗಾರಿಕೆ ಕಾಲೇಜಿನಿಂದ ಸೌಮ್ಯಶ್ರೀ ಎಂಬ ಹುಡುಗಿ ಏಲಂ ಕಟ್ಟೆಗೆ ಬಂದಿದ್ದಳು. ಬೈಂದೂರಿನಿಂದ ಕೋಡಿಬೇಂಗ್ರೆಯವರೆಗೆ ಆಳದ ಮೀನುಗಳ ಹೆಸರು ಬರೆದುಕೊಳ್ಳುತ್ತಿದ್ದಾಳೆ. ದೊಡ್ಡ ಪುಸ್ತಕದಲ್ಲಿ ಗೀಟು ಎಳೆದು ಕಾಲಂ ಮಾಡಿದ್ದಾಳೆ: ಹೆಸರು, ಎಲ್ಲಿ ಹೇಳುತ್ತಾರೆ, ಅರ್ಥವೇನು, ಹೇಗೆ ಬಳಸುತ್ತಾರೆ. ಆ ಮೀನಿನ ಚಿತ್ರ ತೋರಿಸಿದಳು. ಬೈಂದೂರಿನ ಕಡೆಯವರು ಹಸಿರುಗಣ್ಣ ಎನ್ನುತ್ತಾರಂತೆ. ಕೋಡಿಬೇಂಗ್ರೆಯಲ್ಲಿ ಹೆಸರೇ ಇಲ್ಲವಂತೆ. ಸುಬ್ಬ ಎನ್ನುವುದು ಗಂಗೊಳ್ಳಿಯ ಆಸುಪಾಸಿನಲ್ಲಿ ಮಾತ್ರ, ಹತ್ತು ಮೈಲಿಯ ಆಚೆ ಇಲ್ಲ.

“ಯಾಕೆ ಹಾಗೆ ಕರೀತಾರೆ?” ಎಂದು ರತೀಶನನ್ನು ಕೇಳಿದಳು. ರಾಮಣ್ಣ ಕಾಲು ನೋವೆಂದು ಬಿಟ್ಟ ಮೇಲೆ ಏಲಂ ಕೂಗುವವನು ಅವನೇ. ಭಟ್ಕಳದ ಕಡೆಯಿಂದ ಬಂದ ಹುಡುಗ.

“ಅರ್ಥ ಎಂತ ಇಲ್ಲೆ ಮೇಡಂ. ಹಿಂದಿನ್ ಕಾಲದವ್ರ್ ಇಟ್ಟ ಹೆಸ್ರ್.”

ಐದು ವರ್ಷ ತುಂಬುವ ಮೊದಲೇ ನಾವು ಹಿಂದಿನ ಕಾಲದವರಾದೆವು. ಹುಡುಗಿ ನನ್ನ ಕಡೆ ತಿರುಗಿದಳು. “ನಿಮ್ಗೆ ಗೊತ್ತಾ ಅಕ್ಕ?”

ಗೊತ್ತಿಲ್ಲ ಎಂದೆ.

ಹೇಗೆ ಹೇಳಲಿ? ಹೀಗೊಬ್ಬರು ಇದ್ದರು ಎಂದು ಶುರುಮಾಡಬೇಕಾಗುತ್ತಿತ್ತು. ಆ ‘ಇದ್ದರು’ ಬಾಯಿಗೆ ಬರಲಿಲ್ಲ. ಅವಳು ಅರ್ಥದ ಕಾಲಂನಲ್ಲಿ ಒಂದು ಸಣ್ಣ ಗೀಟು ಎಳೆದು ಮುಂದಿನ ಮೀನಿಗೆ ಹೋದಳು. ಆ ಗೀಟು ನನ್ನ ಎದೆಗೆ ಎಳೆದ ಹಾಗಾಯಿತು. ಹೇಡಿ ನಾನು.

ಮನೆಗೆ ಬಂದು, ಹೀಗೆ ಹುಡುಗಿ ಬಂದಿದ್ದಳು ಎಂದಷ್ಟೇ ಅತ್ತೆಗೆ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು.

“ಪುಸ್ತಕದಗೆ ಅವ್ನ್ ಹೆಸ್ರ್ ಬರ್ಕಂಡ್ಳಾ?”

“ಬರ್ಕಂಡ್ಳ್ ಅತ್ತಿ.”

“ಸಮಾ ಬರ್ದ್ಳಾ?”

“ಸಮಾ ಬರ್ದ್ಳ್.”

ಮತ್ತೆ ಅಕ್ಕಿ ಆರಿಸತೊಡಗಿದರು. ರಾತ್ರಿ ಊಟಕ್ಕೆ ನನ್ನ ತಟ್ಟೆಗೂ ಅವರೇ ಬಡಿಸಿದರು.

೧೬ ನವೆಂಬರ್ ೨೦೦೯

ಒಂದು ತಿಂಗಳಾಯಿತು, ಏಲಂ ಕಟ್ಟೆಯಲ್ಲಿ ಆ ಹೆಸರು ಕೇಳಿಸಿಲ್ಲ. ಮೀನೇ ಬರುತ್ತಿಲ್ಲವೇನೋ ಎಂದುಕೊಂಡಿದ್ದೆ. ಇವತ್ತು ಫಿಶ್‌ಮೀಲ್ ಲಾರಿಯ ಹತ್ತಿರ ಹೋದಾಗ ಕಂಡೆ. ಚಿಳ್ಳೆಪಿಳ್ಳೆ ಮೀನು, ಏಡಿ, ಕಸದ ನಡುವೆ ಆ ಹಸಿರು ಕಣ್ಣು. ರತೀಶನನ್ನು ಕೇಳಿದೆ.

“ಅದಾ? ಅದನ್ ಈಗ ಯಾರ್ ತಿಂತ್ರ್ ಗೋಮತಕ್ಕ? ಸೀದಾ ಲಾರಿಗೆ. ಲಾರಿಗ್ ಹೆಸ್ರ್ ಬ್ಯಾಡ, ತೂಕ ಸಾಕ್.”

ಪುಡಿ ಮಾಡಿ ಕೋಳಿಗೆ ಹಾಕುತ್ತಾರಂತೆ. ಈ ಹೆಸರಿನ ಕೂಗು ನಿಂತರೆ ಸಾಕು ಎಂದು ದೇವರಿಗೆ ತೆಂಗಿನಕಾಯಿ ಹೇಳಿಕೊಂಡಿದ್ದವಳು ನಾನು. ನಿಂತಿದೆ. ಆದರೆ ನಿಂತ ಮೇಲೆ ಏಲಂ ಕಟ್ಟೆಯಲ್ಲಿ ನನಗೆ ಬೇರೆ ಏನೂ ಕೇಳಿಸುತ್ತಿಲ್ಲ. ಬಂಗುಡೆ, ಬೂತಾಯಿ, ಅಂಜಲ್ ಎಂದು ಅವನು ಕೂಗುತ್ತಾ ಹೋದಾಗ ಇನ್ನೇನು ಬಂತು ಎಂದು ಕಾಯುತ್ತೇನೆ. ಬರುವುದಿಲ್ಲ. ಹಾಗಾದರೆ ಇಷ್ಟು ವರ್ಷ ಆ ಕೂಗು ಕೇಳಲಿಕ್ಕೇ ನಾನು ಬೆಳಿಗ್ಗೆ ಬೆಳಿಗ್ಗೆ ಅಲ್ಲಿಗೆ ಓಡುತ್ತಿದ್ದೆನೇ? ಅದು ಸುಳ್ಳೆಂದು ಹೇಳಲಾರೆ.

ಪುಷ್ಪಕ್ಕನಿಗೆ ಹೇಳಿದೆ. “ಹಾಂಗಾರ್ ನೀನೇ ಕೂಗ್,” ಎಂದಳು. ಅವಳಿಗೇನು, ಹೇಳಿಬಿಟ್ಟಳು.

೧೮ ಜನವರಿ ೨೦೧೦

ಅತ್ತೆಗೆ ಈಗ ಕಣ್ಣು ಪೂರ್ತಿ ಮಂಜು. ಅನ್ನ ಸೇರುವುದಿಲ್ಲ, ಗಂಜಿಯೂ ಎರಡೇ ತುತ್ತು. ಡಾಕ್ಟರು ವಯಸ್ಸಾಯಿತು ಎಂದರು. ಹದಿನೈದು ವರ್ಷದ ವಿನಯಾ ಶಾಲೆಗೆ ಹೋಗುವ ಮೊದಲು ಅಜ್ಜಿಯ ತಲೆ ಬಾಚಿ ಹೋಗುತ್ತಾಳೆ. ಬಾಕಿಯದ್ದೆಲ್ಲ ನಾನು. ಸ್ನಾನ ಮಾಡಿಸುವಾಗ ಇವತ್ತು ನನ್ನ ಕೈ ಹಿಡಿದರು.

“ಗೋಮತಿ, ಏಲಂ ಕಟ್ಟಿ ಮೇಲ್ ನನ್ ಮಗನ್ ಹೆಸ್ರ್ ಕೂಗ್ತ್ರ್ ಅಂಬ್ರಲೆ. ಏಳ್ ವರ್ಷ ಕಿವಿ ಮುಚ್ಕಂಡ್ ಕೂಕಂಡೆ. ಈಗ ಒಂದ್ಸಲ ಕೇಂಬ ಅಂದೇಳಿ ಆಸಿ ಆತ್ತ್.”

ಈಗ ಯಾರೂ ಕೂಗುವುದಿಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಕರಕೊಂಡು ಹೋಗುತ್ತೇನೆ ಎಂದೆ. ಸಂಜೆ ಗುಡ್ಡಣ್ಣನ ಹತ್ತಿರ ಹೋಗಿ, ನಾಳೆ ಯಾವ ಬೋಟಿನಲ್ಲಾದರೂ ಆ ಮೀನು ಬಂದರೆ ಲಾರಿಗೆ ಹಾಕುವ ಮೊದಲು ಒಂದು ಬುಟ್ಟಿ ತೆಗೆದಿಡಿ ಎಂದೆ. ಅವರಿಗೆ ಕಾರಣ ಹೇಳಬೇಕಾಗಲಿಲ್ಲ. ರತೀಶನೂ, ಒಂದು ಸಲ ಕೂಗುವುದಲ್ಲವಾ, ಕೂಗುತ್ತೇನೆ ಬಿಡಿ ಎಂದ.

೧೯ ಜನವರಿ

ರಿಕ್ಷಾದಲ್ಲಿ ಅತ್ತೆಯನ್ನು ಬಂದರಿಗೆ ಕರೆದುಕೊಂಡು ಹೋದೆ. ಏಲಂ ಕಟ್ಟೆಯ ಹತ್ತಿರ ಬುಟ್ಟಿ ಬೋರಲು ಹಾಕಿ ಕೂರಿಸಿದೆ. ಗುಡ್ಡಣ್ಣ ಇಟ್ಟಿದ್ದ ಮೀನು ಎದುರಿಗೇ ಇತ್ತು. ಅತ್ತೆ ಕೈ ಚಾಚಿ ಒಂದನ್ನು ಮುಟ್ಟಿದರು, ಅದರ ಕೆಳದುಟಿಯನ್ನು ಬೆರಳಲ್ಲಿ ಸವರಿದರು.

ಇವತ್ತೇ ಬಂಗುಡೆ ಒಂಬತ್ತು ಬೋಟು ಬರಬೇಕೇ. ಜನ ಮುಗಿಬಿದ್ದಿತ್ತು. ರತೀಶ ಬೆವರು ಒರೆಸಲೂ ಪುರುಸೊತ್ತಿಲ್ಲದೆ ಕೂಗುತ್ತಿದ್ದ. ಎರಡು ಸಲ ಸನ್ನೆ ಮಾಡಿದೆ, ಕಾಣಲಿಲ್ಲ. ಆಮೇಲೆ ಅವನು ಆಚೆಯ ಬೋಟಿಗೆ ಹಾರಿ ಹೋದ. ಹುಡುಗನ ತಪ್ಪಲ್ಲ, ಅವನಿಗೆ ಅದು ಬರೀ ಮೀನು.

“ಇನ್ನೂ ಕೂಗಿಲ್ಲ್ಯಲೆ ಗೋಮತಿ?” ಅತ್ತೆ ಕೇಳಿದರು. “ಆ ಹೆಸ್ರ್ ಕೂಗುದ್ ಬಿಟ್ರಾ?”

ನಾನು ಎದ್ದು ನಿಂತೆ. “ಸುಬ್ಬ!” ಎಂದೆ. ಪಕ್ಕದ ಹೆಂಗಸರು ತಿರುಗಿದರು. ಪುಷ್ಪಕ್ಕ ತೂಗುತ್ತಿದ್ದ ತಕ್ಕಡಿ ಕೆಳಗಿಟ್ಟಳು. “ಸುಬ್ಬ! ಸುಬ್ಬ! ಬನ್ನಿ!” ಮೀನು ಮಾರುವವಳ ಗಂಟಲು ನನ್ನದು, ಬಂದರಿನ ಆ ತುದಿಗೂ ಮುಟ್ಟುತ್ತದೆ. ಎಷ್ಟು ಸಲ ಕೂಗಿದೆನೋ ಗೊತ್ತಿಲ್ಲ. ನಿಲ್ಲಿಸಿದಾಗ ಗುಡ್ಡಣ್ಣ ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡಿದಿದ್ದರು.

ಹೊರಗಿನ ಊರಿನವನೊಬ್ಬ ಬಂದು ಬುಟ್ಟಿಗೆ ಎಷ್ಟು ಎಂದ. “ಇದ್ ಕೊಡುಕಿಲ್ಲೆ,” ಎಂದು ಅತ್ತೆ ಬುಟ್ಟಿಯ ಮೇಲೆ ಕೈ ಇಟ್ಟರು.

ಅತ್ತೆ ಕಡಲಿನ ಕಡೆಗೆ ಕಿವಿ ಕೊಟ್ಟು ಬಹಳ ಹೊತ್ತು ಕೂತರು. ನಾನೂ ಹತ್ತಿರ ಕೂತೆ. ಬೋಟುಗಳ ಇಂಜಿನ್ನು, ಹದ್ದುಗಳು, ಮತ್ತೆ ರತೀಶನ ಕೂಗು. ಕೊನೆಗೆ ಅವರೇ ಮಾತಾಡಿದರು.

“ಸಣ್ಣವ ಇಪ್ಪತಿಗ್ ಒಂದ್ ಕೂಗಿಗ್ ಓಡಿ ಬತ್ತಿದ್ದ. ಇಷ್ಟ್ ಕೂಗ್ದ್ರೂ ಬತ್ತಿಲ್ಲ ಅಂದ್ರೆ ಅವ ಇಲ್ಲೆ ಮಗಾ.” ನನ್ನನ್ನು ಮಗಾ ಎಂದದ್ದು. “ಇನ್ ಗುರಿಕಾರ್ರಿಗ್ ಹೇಳಿ ಕಳ್ಸ್.”

ಬುಟ್ಟಿಯನ್ನು ಪುಷ್ಪಕ್ಕನಿಗೆ ಕೊಟ್ಟು ಬಂದೆವು. ಸೂತಕದ ಮನೆಗೆ ಮೀನು ತರುವಂತಿಲ್ಲವಲ್ಲ.

ಸಂಜೆ ಒಂದು ಚೀಟಿ ಬರೆದು ವಿನಯಾಳ ಕೈಯಲ್ಲಿ ಗುರಿಕಾರರಿಗೆ ಕಳಿಸಿದೆ. ಕಳಿಸುವ ಮೊದಲು ಅತ್ತೆಗೆ ಓದಿ ಹೇಳಿದೆ, ಸಮಾ ಇತ್ತ್ ಎಂದರು. ಇಷ್ಟೇ ಬರೆದದ್ದು:

‘ನನ್ನ ಗಂಡ ಸುಬ್ಬ ಮೊಗವೀರರು ಕಡಲಿನಲ್ಲಿ ತೀರಿಹೋಗಿದ್ದಾರೆ. ಏಳು ವರ್ಷವಾಯಿತು. ಬೊಜ್ಜಕ್ಕೆ ಒಂದು ದಿನ ನೋಡಿ ಕೊಡಬೇಕು.’